ಭಾರತ ಗೆದ್ದ ದಿನ ನಾನು ಸೋತೆ

ನಾಲ್ಕು ಟೆಸ್ಟ್, ನಾಲ್ಕು ಭವಿಷ್ಯ, ನಾಲ್ಕೂ ನಿಜ. ಐದನೆಯದರ ಮೇಲೆ ಮೆಸ್ ಬಿಲ್ಲಿನ ಹಣ ಕಟ್ಟಿದ ಹುಡುಗನ ಲೆಕ್ಕ ಇದು.

2025ರ ಆಗಸ್ಟ್ 4, ಸೋಮವಾರ. ಸಂಜೆ ನಾಲ್ಕೂವರೆ ಹೊತ್ತಿಗೆ ನಮ್ಮ ಹಾಸ್ಟೆಲ್ಲಿನ ಟಿ.ವಿ. ಹಾಲ್‌ನಲ್ಲಿ ಸೂರು ಹಾರಿಹೋಗುವಂಥ ಕೂಗು. ಲಂಡನ್ನಿನ ಓವಲ್ ಮೈದಾನದಲ್ಲಿ ಸಿರಾಜ್ ಹಾಕಿದ ಯಾರ್ಕರ್, ಗಸ್ ಅಟ್ಕಿನ್ಸನ್ ಸ್ಟಂಪ್ ಎಗರಿಸಿತ್ತು. ಭಾರತಕ್ಕೆ 6 ರನ್ ಜಯ, ಸರಣಿ 2-2 ಸಮ. ರನ್ ಲೆಕ್ಕದಲ್ಲಿ ಟೆಸ್ಟ್‌ನಲ್ಲಿ ನಮ್ಮವರ ಅತಿ ಸಣ್ಣ ಅಂತರದ ಗೆಲುವು ಅದು. ಕೊನೆಯ ಕ್ಲಾಸಿಗೆ ಚಕ್ಕರ್ ಹೊಡೆದು ಬಂದವರೆಲ್ಲ ಬೆಂಚು ಹತ್ತಿ ಕುಣಿಯುತ್ತಿದ್ದರು.

ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಕಣ್ಣಲ್ಲಿ ನೀರು. ಪಕ್ಕದ ರೂಮಿನವನು ಓಡಿ ಬಂದು ತಬ್ಬಿಕೊಂಡು, ‘ಖುಷಿಗೆ ಅಳು ಬಂತೇನೋ ಮಗಾ?’ ಎಂದ. ‘ಹೂಂ’ ಎಂದೆ.

ಸುಳ್ಳು ಹೇಳಿದ್ದೆ. ನಾನು ಇಂಗ್ಲೆಂಡ್ ಗೆಲ್ಲುತ್ತದೆ ಎಂದು 6,000 ರೂಪಾಯಿ ಕಟ್ಟಿದ್ದೆ. ಎರಡು ತಿಂಗಳ ಮೆಸ್ ಬಿಲ್ ಕಟ್ಟೋಕೆ ಅಂತ ಅಪ್ಪ ಕಳಿಸಿದ್ದ ಹಣ.

ಗುರು ಬಂದ

ಕಥೆ ಶುರುವಾಗಿದ್ದು ಜೂನ್‌ನಲ್ಲಿ. ಲೀಡ್ಸ್‌ನಲ್ಲಿ ಮೊದಲ ಟೆಸ್ಟ್ ಶುರುವಾಗುವ ಹಿಂದಿನ ದಿನ ಗೊತ್ತಿಲ್ಲದ ನಂಬರಿನಿಂದ ಮೊಬೈಲಿಗೊಂದು ಮೆಸೇಜ್ ಬಂತು. ‘ನಾಳೆಯ ಟೆಸ್ಟ್: ಇಂಗ್ಲೆಂಡ್ ಗೆಲುವು. ಹಣ ಬೇಡ. ಸುಮ್ಮನೆ ನೋಡಿ.’ ನಕ್ಕು ಬಿಟ್ಟೆ. ಆ ಪಂದ್ಯದಲ್ಲಿ ನಮ್ಮವರು ಐದು ಶತಕ ಹೊಡೆದರು, ಅದರಲ್ಲಿ ನಮ್ಮ ಕೆ.ಎಲ್. ರಾಹುಲ್ ಅವರದೂ ಒಂದು. ಆದರೂ 371 ರನ್ ಬೆನ್ನಟ್ಟಿ ಇಂಗ್ಲೆಂಡ್ ಗೆದ್ದುಬಿಟ್ಟಿತು. ಆ ಮೆಸೇಜನ್ನು ಹುಡುಕಿ ಇನ್ನೊಮ್ಮೆ ಓದಿದೆ.

ಎಜ್‌ಬಾಸ್ಟನ್ ಟೆಸ್ಟಿಗೆ ಮುಂಚೆ ‘ಭಾರತ’ ಎಂದು ಬಂತು. ಆ ಮೈದಾನದಲ್ಲಿ ಭಾರತ ಅಲ್ಲಿಯವರೆಗೆ ಒಂದೇ ಒಂದು ಟೆಸ್ಟ್ ಗೆದ್ದಿರಲಿಲ್ಲ. ಈ ಸಲ 336 ರನ್‌ಗಳಿಂದ ಗೆದ್ದಿತು. ಲಾರ್ಡ್ಸ್‌ಗೆ ‘ಇಂಗ್ಲೆಂಡ್’ ಎಂದ. 22 ರನ್‌ಗಳಿಂದ ಇಂಗ್ಲೆಂಡ್ ಗೆದ್ದಿತು. ಓಲ್ಡ್ ಟ್ರಾಫರ್ಡ್‌ಗೆ ‘ಡ್ರಾ’ ಎಂದ. ಎರಡನೇ ಇನ್ನಿಂಗ್ಸ್‌ನ ಮೊದಲ ಓವರಿನಲ್ಲೇ ರನ್ನೇ ಇಲ್ಲದೆ ಎರಡು ವಿಕೆಟ್ ಬಿದ್ದಾಗ, ‘ಈ ಸಲ ಗುರು ಕೆಟ್ಟ’ ಅಂದುಕೊಂಡೆ. ಜಡೇಜ, ವಾಷಿಂಗ್ಟನ್ ಸುಂದರ್ ಶತಕ ಹೊಡೆದು ನಿಂತರು. ಡ್ರಾ!

ಹೀಗೆ ನಾಲ್ಕಕ್ಕೆ ನಾಲ್ಕು ನಿಜವಾದ ಮೇಲೆ ನನಗೆ ಅವನು ‘ಗುರು’ ಆಗಿಬಿಟ್ಟ. ಐದನೇ ಪಂದ್ಯಕ್ಕೆ ಮಾತ್ರ 500 ರೂಪಾಯಿ ಕೇಳಿದ. ನಾಲ್ಕು ಸಲ ಪುಕ್ಕಟೆ ಹೇಳಿದವನು ಕೇಳಿದ್ದು ತಪ್ಪು ಅನ್ನಿಸಲಿಲ್ಲ. ಕಳಿಸಿದೆ. ‘ಇಂಗ್ಲೆಂಡ್. ಕಣ್ಣು ಮುಚ್ಚಿಕೊಂಡು ಹಾಕಿ’ ಎಂದು ಬಂತು. ಬೆಟ್ಟಿಂಗ್‌ನ ‘ಐಡಿ’ಯನ್ನೂ ಅವನೇ ಮಾಡಿಕೊಟ್ಟ.

ನನ್ನನ್ನು ನಾನೇ ಬುದ್ಧಿವಂತ ಅಂದುಕೊಂಡವನು. ಕಣ್ಣು ಮುಚ್ಚಿ ಹಾಕಲಿಲ್ಲ, ಕಣ್ಣು ಬಿಟ್ಟುಕೊಂಡೇ ಕಾದೆ. ಭಾನುವಾರ, ನಾಲ್ಕನೇ ದಿನ. ಇಂಗ್ಲೆಂಡಿಗೆ ಬೇಕಿದ್ದದ್ದು 374. ಹ್ಯಾರಿ ಬ್ರೂಕ್ 19 ರನ್ ಹೊಡೆದಿದ್ದಾಗ ಪ್ರಸಿದ್ಧ್ ಕೃಷ್ಣ ಎಸೆತದಲ್ಲಿ ಸಿರಾಜ್ ಕ್ಯಾಚ್ ಹಿಡಿದು, ಹಿಡಿದ ಮೇಲೆ ಹಗ್ಗ ತುಳಿದರು. ಔಟಾಗಬೇಕಿದ್ದದ್ದು ಸಿಕ್ಸರ್ ಆಯಿತು. ಬ್ರೂಕ್ ಶತಕ ಹೊಡೆದ. ಇನ್ನೊಂದು ತುದಿಯಲ್ಲಿ ಜೋ ರೂಟ್. ಸ್ಕೋರು ಮೂರು ವಿಕೆಟ್ಟಿಗೆ 300ರ ಹತ್ತಿರ. ಇನ್ನು ಎಪ್ಪತ್ತು ಚಿಲ್ಲರೆ ರನ್ ಸಾಕು, ಕೈಯಲ್ಲಿ ವಿಕೆಟ್‌ಗಳಿವೆ. ಇಂಗ್ಲೆಂಡಿನ ರೇಟು 1.08 ತೋರಿಸುತ್ತಿತ್ತು. ಅಂದರೆ 6,000 ಹಾಕಿದರೆ 6,480 ವಾಪಸ್. 480 ರೂಪಾಯಿ ಲಾಭ. ಮೆಸ್ ಬಿಲ್ಲೂ ಉಳಿಯುತ್ತೆ, ಒಂದು ಬಿರಿಯಾನಿ ಪಾರ್ಟಿನೂ ಆಗುತ್ತೆ.

ಹಾಕಿದೆ. ಊಟಕ್ಕೆ ಹೋಗಿ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಿದ್ದಾಗ ಬ್ರೂಕ್ ಔಟಾದ ಸುದ್ದಿ ಬಂತು. ಆಮೇಲೆ ಬೆಥೆಲ್, ಆಮೇಲೆ ರೂಟ್. ರೂಟ್ ವಿಕೆಟ್ ತೆಗೆದದ್ದು ನಮ್ಮ ಬೆಂಗಳೂರಿನ ಪ್ರಸಿದ್ಧ್. ಅಷ್ಟರಲ್ಲಿ ಬೆಳಕು ಸಾಲದೆ, ಮಳೆ ಬಂದು ಆಟ ನಿಂತಿತು. ಇಂಗ್ಲೆಂಡಿಗೆ 35 ರನ್ ಬೇಕು. ಭಾರತಕ್ಕೆ 4 ವಿಕೆಟ್ ಬೇಕು. ಅದರಲ್ಲಿ ಒಬ್ಬ, ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದ ಕ್ರಿಸ್ ವೋಕ್ಸ್.

ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಯಾರ ಕಡೆ?

ಸೋಮವಾರದ ಆ ಐವತ್ತು ಚಿಲ್ಲರೆ ನಿಮಿಷಗಳನ್ನು ನಾನು ಯಾವತ್ತೂ ಮರೆಯಲಾರೆ. ದಿನದ ಮೊದಲ ಎರಡು ಎಸೆತಕ್ಕೆ ಓವರ್ಟನ್ ಎರಡು ಬೌಂಡರಿ ಹೊಡೆದಾಗ ಹಾಲ್ ಪೂರ್ತಿ ‘ಛೇ’ ಎಂದಿತು. ನನ್ನ ಎದೆಯೊಳಗೆ ಮಾತ್ರ ‘ಹಾಂ, ಇನ್ನು 27’ ಎಂದು ಯಾರೋ ಕುಣಿದರು. ಆ ಯಾರೋ ನಾನೇ. ಸ್ಮಿತ್ ಔಟಾದಾಗ, ಓವರ್ಟನ್ ಎಲ್‌ಬಿಡಬ್ಲ್ಯು ಆದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಕೈ ತಣ್ಣಗಾಗಿತ್ತು. ಪ್ರಸಿದ್ಧ್, ಟಂಗ್‌ನನ್ನು ಬೌಲ್ಡ್ ಮಾಡಿದಾಗ ನನ್ನ ಬಾಯಿಂದ ಬೈಗುಳ ಬಂತು.

ಯೋಚನೆ ಮಾಡಿ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕರ್ನಾಟಕ ತಂಡಕ್ಕೆ ಆಡಿ ಬೆಳೆದ ಹುಡುಗ, ಆ ಟೆಸ್ಟಿನಲ್ಲಿ ಎಂಟು ವಿಕೆಟ್ ತೆಗೆದವನು. ಅವನಿಗೆ ವಿಕೆಟ್ ಸಿಕ್ಕಿತು ಅಂತ ನಾನು ಬೈದೆ.

ವೋಕ್ಸ್ ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ಬ್ಯಾಟ್ ಹಿಡಿದು ಬಂದ. ಓಡುವಾಗ ನೋವಿಗೆ ಮುಖ ಕಿವುಚುತ್ತಿದ್ದ. ನಮ್ಮ ಹಾಲ್‌ನಲ್ಲಿದ್ದ ಹುಡುಗರೂ ಅವನಿಗೆ ಚಪ್ಪಾಳೆ ಹೊಡೆದರು. ಕ್ರಿಕೆಟ್ ಪ್ರೀತಿಸುವವರು ಮಾಡುವುದೇ ಅದು. ನನಗೆ ಮಾತ್ರ ಅವನ ನೋವು ಕಾಣಲಿಲ್ಲ. ‘ಇವನು ನಿಲ್ಲುತ್ತಾನಾ, ಇಲ್ಲವಾ’ ಅಷ್ಟೇ. ಅಟ್ಕಿನ್ಸನ್ ಒಂದು ಸಿಕ್ಸರ್ ಹೊಡೆದಾಗ ನನ್ನ ದುಡ್ಡು ಉಳಿಯಿತು ಅಂದುಕೊಂಡೆ. ಆಮೇಲಿನದು ಮೊದಲೇ ಹೇಳಿದೆ.

ಹಣ ಹೋದದ್ದು ಒಂದು ನೋವು. ಎಂಟನೇ ವಯಸ್ಸಿನಿಂದ ರೇಡಿಯೊ, ಟಿ.ವಿ., ಮೊಬೈಲು ಎಲ್ಲದರಲ್ಲೂ ಹಿಂಬಾಲಿಸಿಕೊಂಡು ಬಂದ ಒಂದು ಆಟವನ್ನು, ಅದರ ಅತಿ ಚೆಂದದ ದಿನದಂದು ನನ್ನಿಂದ ಕಿತ್ತುಕೊಂಡರಲ್ಲ, ಅದು ಇನ್ನೂ ದೊಡ್ಡ ನೋವು. ಕಿತ್ತುಕೊಂಡರು ಅನ್ನುವುದೂ ತಪ್ಪು. ನಾನೇ ಮಾರಿದ್ದೆ, 480 ರೂಪಾಯಿ ಆಸೆಗೆ.

ಗಣಿತದ ಮೇಡಂ ಕೇಳಿದ ಪ್ರಶ್ನೆ

ರೂಮ್‌ಮೇಟ್ ಹತ್ತಿರ ಸಾಲ ಮಾಡಿ ಮೆಸ್ ಬಿಲ್ ಕಟ್ಟಿದೆ. ಆದರೆ ತಲೆಯಲ್ಲಿ ಒಂದು ಹುಳ ಕೊರೆಯುತ್ತಲೇ ಇತ್ತು. ನಾಲ್ಕು ಸಲ ಸರಿಯಾಗಿ ಹೇಳಿದವನು ಐದನೇ ಸಲ ಹೇಗೆ ತಪ್ಪಿದ? ನಾವು ಸಂಭವನೀಯತೆ ಓದಿದವರು. ಟೆಸ್ಟ್‌ಗೆ ಮೂರು ಫಲಿತಾಂಶ: ಇವರು, ಅವರು, ಡ್ರಾ. ಮೂರೂ ಸಮ ಅಂತಿಟ್ಟುಕೊಂಡು ಕುರುಡಾಗಿ ಹೇಳಿದರೆ ನಾಲ್ಕೂ ನಿಜವಾಗುವ ಸಾಧ್ಯತೆ 81ರಲ್ಲಿ ಒಂದು. ಹಾಗಾದರೆ ಅವನಿಗೆ ಏನೋ ಗೊತ್ತಿರಲೇಬೇಕಲ್ಲ?

ಇದನ್ನು ಯಾರೋ ಸ್ನೇಹಿತನ ಕಥೆ ಎನ್ನುವಂತೆ ಗಣಿತದ ಮೇಡಂ ಹತ್ತಿರ ಕೇಳಿದೆ. ಮೇಡಂ ನನ್ನ ಮುಖ ಒಂದು ಕ್ಷಣ ನೋಡಿದರು. ‘ನಿಮ್ಮ ಸ್ನೇಹಿತ ತನಗೆ ಬಂದ ಮೆಸೇಜ್ ಮಾತ್ರ ಎಣಿಸ್ತಿದ್ದಾನೆ. ಬೇರೆಯವರಿಗೆ ಏನು ಹೋಯ್ತು ಅಂತ ಎಣಿಸೋಕೆ ಹೇಳಿ’ ಎಂದರು. ಅಷ್ಟೇ. ಮುಂದಿನ ಕ್ಲಾಸಿಗೆ ಹೋದರು.

ಅರ್ಥವಾಗಿದ್ದು ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ. ಅರಸೀಕೆರೆಯಿಂದ ದೊಡ್ಡಮ್ಮನ ಮಗ ಬಂದಿದ್ದ. ಮಾತಿನ ಮಧ್ಯೆ ಕ್ರಿಕೆಟ್ ಬಂತು. ‘ಅಯ್ಯೋ, ಜೂನ್‌ನಲ್ಲಿ ಯಾವನೋ ನನಗೊಂದು ಮೆಸೇಜ್ ಹಾಕಿದ್ದ ಕಣೋ. ಲೀಡ್ಸಲ್ಲಿ ಭಾರತ ಗೆಲ್ಲುತ್ತೆ ಅಂತ. ಸೋತ್ರು. ಆಮೇಲೆ ಅವನ ಪತ್ತೆನೇ ಇಲ್ಲ’ ಎಂದು ನಕ್ಕ. ಮೊಬೈಲ್ ಇಸ್ಕೊಂಡು ನೋಡಿದೆ. ಅದೇ ನಂಬರು. ಅದೇ ದಿನ. ಅದೇ ‘ಹಣ ಬೇಡ. ಸುಮ್ಮನೆ ನೋಡಿ.’

ಅಲ್ಲೇ ಜಗಲಿಯ ಮೇಲೆ ಕೂತು ಹಳೇ ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಅವನ ಹತ್ತಿರ 8,100 ನಂಬರುಗಳಿವೆ ಎಂದುಕೊಳ್ಳಿ. ಮೊದಲ ಟೆಸ್ಟಿಗೆ 2,700 ಜನಕ್ಕೆ ‘ಇಂಗ್ಲೆಂಡ್’, 2,700 ಜನಕ್ಕೆ ‘ಭಾರತ’, 2,700 ಜನಕ್ಕೆ ‘ಡ್ರಾ’ ಎಂದು ಕಳಿಸುತ್ತಾನೆ. ಫಲಿತಾಂಶ ಏನೇ ಬರಲಿ, 2,700 ಜನಕ್ಕೆ ಅವನು ಹೇಳಿದ್ದು ನಿಜ. ಉಳಿದವರನ್ನು ಕೈಬಿಡುತ್ತಾನೆ. ಎರಡನೇ ಟೆಸ್ಟಿಗೆ ಆ 2,700 ಜನರನ್ನು ಮತ್ತೆ ಮೂರು ಪಾಲು ಮಾಡುತ್ತಾನೆ. 900 ಜನ ಉಳಿಯುತ್ತಾರೆ. ಮೂರನೆಯದಕ್ಕೆ 300. ನಾಲ್ಕನೆಯದಕ್ಕೆ 100.

ಆ ನೂರು ಜನಕ್ಕೆ ಅವನು ದೇವರು. ನಾನು ಆ ನೂರರಲ್ಲಿ ಒಬ್ಬ. ದೊಡ್ಡಮ್ಮನ ಮಗ ಮೊದಲ ಸುತ್ತಿನಲ್ಲೇ ಬಿದ್ದುಹೋದ ಅದೃಷ್ಟವಂತ. ನೂರು ಜನ ತಲಾ 500 ಕೊಟ್ಟರೆ 50,000 ರೂಪಾಯಿ. ಐಡಿ ಮಾಡಿಕೊಟ್ಟವರಿಗೆ, ನಾವು ಸೋತ ಹಣದಲ್ಲೂ ಪಾಲು ಹೋಗುತ್ತದೆ ಎಂದು ಆಮೇಲೆ ಒಬ್ಬ ಸೀನಿಯರ್ ಹೇಳಿದ. ಅಂದರೆ ನಾನು ಗೆಲ್ಲಲಿ ಅನ್ನುವ ಆಸೆ ನನ್ನ ‘ಗುರು’ವಿಗೇ ಇರಲಿಲ್ಲ. ಅವನಿಗೆ ಕ್ರಿಕೆಟ್ ಗೊತ್ತಿರಬೇಕಾಗಿಯೂ ಇರಲಿಲ್ಲ. ಮೂರರಿಂದ ಭಾಗಿಸಲು ಬಂದರೆ ಸಾಕಿತ್ತು.

1.08 ಎಂಬ ಬಲೆ

ಇನ್ನು ಆ ‘ಗ್ಯಾರಂಟಿ’ ರೇಟು. 1.08ಕ್ಕೆ ಹಾಕಿ ನಷ್ಟ ಆಗದೆ ಉಳಿಯಬೇಕಾದರೆ ನೂರಕ್ಕೆ ಹೆಚ್ಚುಕಡಿಮೆ 93 ಸಲ ನಾವು ಸರಿ ಇರಬೇಕು. ಒಂದು ಸಲ 6,000 ಕಳೆದುಕೊಂಡರೆ, ಅದನ್ನು ತುಂಬಿಕೊಳ್ಳಲು 480ರಂತೆ 13 ಸಲ ಗೆಲ್ಲಬೇಕು. 12 ಸಲ ಗೆದ್ದರೂ ಇನ್ನೂ 240 ರೂಪಾಯಿ ಸಾಲ. ಎಂಜಿನಿಯರಿಂಗ್ ಓದುವವನಿಗೆ ಇದನ್ನು ಲೆಕ್ಕ ಹಾಕಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಾನು ಕೊಡಲಿಲ್ಲ.

ಪಂದ್ಯ ಶುರುವಾಗುವ ಮುಂಚಿನ ರೇಟಿನಲ್ಲೂ ಇದೇ ಕಥೆ. ಒಂದು ಟೆಸ್ಟಿಗೆ ಆತಿಥೇಯ ತಂಡಕ್ಕೆ 2.10, ಎದುರಾಳಿಗೆ 3.00, ಡ್ರಾಗೆ 4.00 ರೇಟ್ ಇದೆ ಅಂದುಕೊಳ್ಳಿ. ಯಾವುದೇ ಫಲಿತಾಂಶ ಬಂದರೂ ನಿಮಗೆ 100 ರೂಪಾಯಿ ವಾಪಸ್ ಬರಬೇಕಾದರೆ ಮೊದಲನೆಯದರ ಮೇಲೆ 47.60, ಎರಡನೆಯದರ ಮೇಲೆ 33.30, ಮೂರನೆಯದರ ಮೇಲೆ 25 ಹಾಕಬೇಕು. ಒಟ್ಟು 105 ರೂಪಾಯಿ 90 ಪೈಸೆ. ನೂರು ಪಡೆಯಲು ನೂರಾ ಆರು! ಆ ಆರು ರೂಪಾಯಿ ಬುಕ್ಕಿಯದು. ಮೂರೂ ಕಡೆ ಹಣ ತೂಗಿಕೊಂಡು ಬಂದರೆ ಯಾರು ಗೆದ್ದರೂ ಅವನಿಗೆ ಸುಖ. ನಾವು ಅದನ್ನು ಭವಿಷ್ಯ ಅಂದುಕೊಂಡು ಓದುತ್ತೇವೆ. ಅದು ಅಂಗಡಿಯವನು ಅಂಟಿಸಿದ ಬೆಲೆ ಚೀಟಿ, ಅವನ ಲಾಭ ಸೇರಿಸಿಯೇ.

ಟೆಸ್ಟ್ ಕ್ರಿಕೆಟ್ಟಿಗೆ ಆ ಚೀಟಿಯ ಹಂಗಿಲ್ಲ. 1981ರಲ್ಲಿ ಹೆಡಿಂಗ್ಲೆಯಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ 227 ರನ್ ಹಿಂದೆ ಬಿದ್ದು ಫಾಲೊಆನ್ ಆಡುತ್ತಿತ್ತು. ಇಂಗ್ಲೆಂಡ್ ಗೆದ್ದರೆ ಒಂದಕ್ಕೆ ಐನೂರು ಕೊಡುತ್ತೇವೆ ಎಂದು ಮೈದಾನದ ಸ್ಕೋರ್‌ಬೋರ್ಡ್ ಮೇಲೇ ಬಂತು. ಬೋಥಮ್ ಔಟಾಗದೆ 149 ಹೊಡೆದರು, ವಿಲ್ಲಿಸ್ 43 ರನ್ನಿಗೆ 8 ವಿಕೆಟ್ ಕಿತ್ತರು, ಇಂಗ್ಲೆಂಡ್ 18 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ಡೆನಿಸ್ ಲಿಲಿ ಮತ್ತು ರಾಡ್ ಮಾರ್ಷ್, ತಮ್ಮ ತಂಡದ ವಿರುದ್ಧವೇ 10 ಮತ್ತು 5 ಪೌಂಡ್ ಕಟ್ಟಿಸಿ 7,500 ಪೌಂಡ್ ಗೆದ್ದರು. ಅವರು ಬೇಕೆಂದು ಸೋತರು ಎಂದು ಯಾರೂ ಹೇಳುವುದಿಲ್ಲ. ಆದರೂ ಇವತ್ತು ಆಟಗಾರರು ಹಾಗೆ ಮಾಡಿದರೆ ನಿಷೇಧ ಖಚಿತ. ಅದು ಯಾಕೆ ಅಂತ ನನಗೆ ಓವಲ್ ದಿನ ಗೊತ್ತಾಯಿತು. ಹೊರಗೆ ಕೂತ ನನ್ನ ಮನಸ್ಸೇ ಹಾಗೆ ತಿರುಗಿಬಿದ್ದರೆ, ಒಳಗೆ ಆಡುವವನ ಗತಿ ಏನು?

2001ರಲ್ಲಿ ಕೋಲ್ಕತ್ತದಲ್ಲಿ ನಮ್ಮವರು 274 ರನ್ ಹಿಂದೆ ಬಿದ್ದು ಫಾಲೊಆನ್ ಆಡಿದ್ದರು. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ಇಬ್ಬರೂ ಸೇರಿ 376 ರನ್ ಜೊತೆಯಾಟ, ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾಕ್ಕೆ ಸೋಲು. ನಾನು ಹುಟ್ಟುವ ಮುಂಚಿನ ಆಟ ಅದು. ಅಪ್ಪ ಇವತ್ತಿಗೂ ಅದನ್ನು ಓವರ್ ಓವರ್ ಹೇಳುತ್ತಾರೆ. ಆ ದಿನ ಅಪ್ಪ ಯಾವ ರೇಟೂ ನೋಡಿರಲಿಲ್ಲ, ಆದ್ದರಿಂದಲೇ ಪೂರ್ತಿ ಆಟ ನೋಡಿದ್ದರು.

ಆ ಚೀಟಿಗೆ ಆಟವನ್ನೇ ಹೊಂದಿಸಲು ಹೊರಟವರೂ ಇದ್ದರು. 2000ದಲ್ಲಿ ಸೆಂಚುರಿಯನ್ ಟೆಸ್ಟಿನಲ್ಲಿ ಮಳೆಯಿಂದ ಡ್ರಾ ಆಗಬೇಕಿದ್ದ ಪಂದ್ಯಕ್ಕೆ ಫಲಿತಾಂಶ ಬರಲೆಂದು ಎರಡೂ ತಂಡ ಒಂದೊಂದು ಇನ್ನಿಂಗ್ಸ್ ಬಿಟ್ಟುಕೊಟ್ಟಾಗ ಹ್ಯಾನ್ಸಿ ಕ್ರೋನಿಯೆಯನ್ನು ಕ್ರೀಡಾ ಮನೋಭಾವದವರು ಎಂದು ಹೊಗಳಿದವರಿದ್ದರು. ಅದರ ಹಿಂದೆ ಬುಕ್ಕಿಯ ಹಣವೂ ಒಂದು ಲೆದರ್ ಜಾಕೆಟ್ಟೂ ಇತ್ತು ಅಂತ ಆಮೇಲೆ ಹೊರಬಂತು. 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಬೇಕೆಂದು ನೋಬಾಲ್ ಹಾಕಿಸಿದ, ಹಾಕಿದ ಪಾಕಿಸ್ತಾನದ ಮೂವರು ಆಟಗಾರರು ಇಂಗ್ಲೆಂಡಿನಲ್ಲಿ ಜೈಲಿಗೆ ಹೋದರು. ಅದರಲ್ಲಿ ಮೊಹಮ್ಮದ್ ಆಮಿರ್‌ಗೆ ಆ ಟೆಸ್ಟ್ ಆಡುವಾಗ ಹದಿನೆಂಟು ವರ್ಷ. ನನಗಿಂತ ಚಿಕ್ಕವನು.

ಅಟ್ಟದ ಮೇಲಿನ ಕೊಬ್ಬರಿ

ನಮ್ಮಲ್ಲಿ ಕ್ರಿಕೆಟ್ ಬೆಟ್ಟಿಂಗ್ ಮೊದಲಿಂದಲೂ ಅಪರಾಧವೇ. ಓವಲ್ ಪಂದ್ಯ ಮುಗಿದು ಮೂರು ವಾರ ತುಂಬುವ ಮುಂಚೆ ಸಂಸತ್ತು ಇನ್ನೊಂದು ಕಾನೂನನ್ನೂ ಪಾಸು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ದೇಶಾದ್ಯಂತ ನಿಷೇಧ, ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ನನಗೆ ಬಂದದ್ದು ಒಂದು ಸಾದಾ ಮೆಸೇಜ್. ಅಂಥದ್ದು ಇವತ್ತೂ ಯಾರ ಮೊಬೈಲಿಗಾದರೂ ಬರಬಹುದು. ಅದನ್ನು ತಡೆಯುವ ಕಾನೂನು ನಮ್ಮ ಹೆಬ್ಬೆರಳಿನಲ್ಲೇ ಇರಬೇಕು.

ಹಬ್ಬದ ರಾತ್ರಿ ಅಪ್ಪನಿಗೆ ಹೇಳಿದೆ. ನಮ್ಮದು ತಿಪಟೂರು ಕಡೆ. ಎರಡು ಎಕರೆ ತೆಂಗು. ಕಾಯಿ ಕೆಡವಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಅಂದ ಮೇಲೆ ಸುಲಿದು ಮಾರ್ಕೆಟ್ಟಿಗೆ ಹಾಕೋದು. ಅಪ್ಪ ಕಾಯಿ ಸುಲಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಸುಲಿಯುವುದನ್ನೂ ನಿಲ್ಲಿಸಲಿಲ್ಲ.

‘ನಾನೂ ಆಡೋದು ಒಂಥರಾ ಜೂಜೇ ಕಣ್ಲಾ. ಈ ವಾರ ಮಾರಿದ್ರೆ ಮುಂದಿನ್ ವಾರ ಏರ್ತದೆ. ಮುಂದಿನ್ ವಾರಕ್ಕೆ ಇಟ್ಕಂಡ್ರೆ ಬೀಳ್ತದೆ. ಎಷ್ಟ್ ಸಲ ಸೋತಿದೀನೋ ನಿಂಗೊತ್ತಿಲ್ಲ. ಆದ್ರೆ ರೇಟ್ ಬಿದ್ರೂ ನನ್ನ ಅಟ್ಟದ ಮೇಲೆ ಕೊಬ್ಬರಿ ಇರ್ತದೆ. ನಿನ್ನ ಅಟ್ಟದ ಮೇಲೆ ಏನಿತ್ಲಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತುವಾಗ ಅವ್ವ ಕೈಗೆ ಹಣ ತುರುಕಲು ಬಂದರು. ಅಪ್ಪ ಬೇಡ ಎಂದರು. ನಾನೂ ಬೇಡ ಎಂದೆ.

ರೂಮ್‌ಮೇಟ್ ಸಾಲ ತೀರಿಸಲು ಮದುವೆ ಮನೆಗಳಲ್ಲಿ ಬಡಿಸಲು ಹೋಗತೊಡಗಿದೆ. ಕೇಟರಿಂಗ್‌ನವರು ದಿನಕ್ಕೆ 500 ಕೊಡುತ್ತಿದ್ದರು. ಗುರುದಕ್ಷಿಣೆ 500 ಸೇರಿ ಹೋದದ್ದು 6,500. ಅಂದರೆ 13 ದಿನ. ಲೆಕ್ಕ ಎಲ್ಲಿಂದಲೋ ಬಂದು ಅದೇ 13ಕ್ಕೆ ನಿಂತಿತು. ಪಾಯಸದ ಬಕೆಟ್ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಓಡುವಾಗ 480 ರೂಪಾಯಿ ಎಷ್ಟು ಭಾರ ಅಂತ ಸೊಂಟಕ್ಕೆ ಗೊತ್ತಾಯಿತು.

ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ತಂಡ ಕೋಲ್ಕತ್ತಕ್ಕೆ ಬಂದಾಗ ಮತ್ತೊಂದು ಹೊಸ ನಂಬರಿನಿಂದ ಮೆಸೇಜ್ ಬಂತು. ‘ನಾಳೆಯ ಟೆಸ್ಟ್...’ ಮುಂದೆ ಓದಲಿಲ್ಲ, ಅಳಿಸಿ ಹಾಕಿದೆ. ಮೂರನೇ ದಿನ ಭಾನುವಾರ, ನಾನು ಒಂದು ಮದುವೆ ಊಟದಲ್ಲಿ ಬಡಿಸುತ್ತಿದ್ದೆ. ಭಾರತಕ್ಕೆ ಬೇಕಿದ್ದದ್ದು ಬರೀ 124. ಅಡುಗೆಮನೆ ಬಾಗಿಲಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗ, ‘93ಕ್ಕೆ ಹೋಯ್ತಣ್ಣ’ ಎಂದ.

ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಸಾರಿನ ಬಕೆಟ್ ಕೆಳಗಿಟ್ಟು ‘ಛೇ’ ಎಂದೆ. ಅವನೂ ‘ಛೇ’ ಎಂದ. ಬಹಳ ದಿನದ ಮೇಲೆ, ಎಲ್ಲರಿಗೂ ಬೇಜಾರಾದ ವಿಷಯಕ್ಕೇ ನನಗೂ ಬೇಜಾರಾಗಿತ್ತು. ಒಳಗಿಂದ ಯಾರೋ ‘ಸಾರು, ಸಾರು’ ಎಂದು ಕೂಗಿದರು. ಬಕೆಟ್ ಎತ್ತಿಕೊಂಡು ಓಡಿದೆ.